ಮಗುವಿನ ಉಸಿರು ಅಳೆಯಲು ಮುಕ್ಕಾಲು ಗಂಟೆ ಕೊಡಿ: ಪ್ರಾಥಮಿಕ ಆರೋಗ್ಯ ಸೇವೆಯ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳ ಶ್ವಾಸಕೋಶದ ಪರೀಕ್ಷೆ ಮಾಡಿಸುವುದು ನನ್ನ ಕೆಲಸ. ಕೆಮ್ಮು, ದಮ್ಮು, ಉಬ್ಬಸ ಅಂತ ಬರುವ ಮಕ್ಕಳಿಂದ ಸ್ಪೈರೋಮೀಟರಿಗೆ, ಅಂದರೆ ಎಷ್ಟು ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಯಂತ್ರಕ್ಕೆ ಊದಿಸಿ, ಬಂದ ಅಂಕಿಗಳನ್ನು ವೈದ್ಯರ ಕೈಗೆ ಕೊಡುತ್ತೇನೆ. ನನ್ನ ಹತ್ತಿರ ಬರುವ ಹೆಚ್ಚಿನ ಮಕ್ಕಳು ಅಷ್ಟರಲ್ಲಾಗಲೇ ವರ್ಷಗಟ್ಟಲೆ ಇನ್‌ಹೇಲರ್ ಎಳೆದಿರುತ್ತಾರೆ. ಫೈಲಿನ ಮೇಲೆ ಆಸ್ತಮಾ ಅಂತ ಬರೆದಿರುತ್ತದೆ. ಯಾವ ಔಷಧ, ಎಷ್ಟು ಪಫ್, ಯಾವಾಗ ಜಾಸ್ತಿ ಮಾಡಿದರು, ಎಲ್ಲವೂ ಇರುತ್ತದೆ. ಶ್ವಾಸಕೋಶ ಅಳೆದ ಒಂದೇ ಒಂದು ಅಂಕಿ ಮಾತ್ರ ಇರುವುದಿಲ್ಲ.

ಇದು ಯಾರೋ ಒಬ್ಬ ವೈದ್ಯರ ಅಸಡ್ಡೆ ಅಲ್ಲ. ಮಕ್ಕಳ ದೀರ್ಘಕಾಲದ ಕಾಯಿಲೆಗಳಲ್ಲಿ ಜಗತ್ತಿನಾದ್ಯಂತ ಅತಿ ಸಾಮಾನ್ಯವಾದದ್ದು ಆಸ್ತಮಾ. ಈ ಮಕ್ಕಳನ್ನು ಮೊದಲು ನೋಡುವುದು, ಔಷಧ ಶುರು ಮಾಡುವುದು, ಮತ್ತೆ ಮತ್ತೆ ನೋಡುವುದು ಮನೆಗೆ ಹತ್ತಿರದ ಕ್ಲಿನಿಕ್ಕಿನ ವೈದ್ಯರೇ. ಅವರ ಕೈಯಲ್ಲಿ ಇರುವುದು ಒಂದು ಸ್ಟೆತೋಸ್ಕೋಪು, ತಂದೆತಾಯಿ ಹೇಳುವ ಮಾತು, ಮತ್ತು ಹತ್ತು ನಿಮಿಷ. ಹೊರಗೆ ಇನ್ನೂ ಮಂದಿ ಕಾಯುತ್ತಿರುತ್ತಾರೆ. ಅಷ್ಟರಲ್ಲಿ ಅವರು ಏನು ಮಾಡಬಹುದೋ ಅದನ್ನು ಮಾಡುತ್ತಿದ್ದಾರೆ. ಅದಕ್ಕೇ ಈ ಪತ್ರ ಅವರಿಗಲ್ಲ, ಸೇವೆಯನ್ನು ರೂಪಿಸುವ ನಿಮಗೆ. ಅವರ ಕೈಗೆ ಅಳತೆ ಸಿಗುವ ಹಾಗೆ ಮಾಡಬೇಕಾದವರು ನೀವು.

ಅಳೆಯದಿದ್ದರೆ ಏನಾಗುತ್ತದೆ? ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಶೀತ ಆದಾಗೆಲ್ಲ ವಾರಗಟ್ಟಲೆ ಕೆಮ್ಮುವ ಮಗು, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಗು, ಓಡಾಡಿ ರೂಢಿಯಿಲ್ಲದೆ ಬೇಗ ಏದುಸಿರು ಬಿಡುವ ಮಗು, ಎಲ್ಲರಿಗೂ ಆಸ್ತಮಾ ಎಂಬ ಹಣೆಪಟ್ಟಿ ಬೀಳಬಹುದು. ನೆದರ್ಲ್ಯಾಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ನೋಡಿತು. ಪ್ರಾಥಮಿಕ ಕ್ಲಿನಿಕ್ಕುಗಳಲ್ಲಿ ಆಸ್ತಮಾ ಇದೆ ಎಂದು ದಾಖಲಾಗಿದ್ದ 652 ಮಕ್ಕಳ ಕಡತ ತೆಗೆದು ಪರಿಶೀಲಿಸಿದರು. ಸ್ಪೈರೋಮೆಟ್ರಿಯಿಂದ, ಅಂದರೆ ಈ ಊದುವ ಪರೀಕ್ಷೆಯಿಂದ, ಖಚಿತವಾಗಿದ್ದದ್ದು ಶೇ 16ರಷ್ಟು ಮಕ್ಕಳಲ್ಲಿ ಮಾತ್ರ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಆಸ್ತಮಾ ಇರುವ ಸಾಧ್ಯತೆಯೇ ಕಡಿಮೆ ಅನ್ನಿಸಿತು. ಬೇಡದ ಔಷಧವನ್ನು ಮಗು ವರ್ಷಾನುಗಟ್ಟಲೆ ತೆಗೆದುಕೊಳ್ಳುವುದು ಒಂದು ನಷ್ಟ. ನಿಜವಾದ ಕಾರಣ ಏನು ಎಂದು ಯಾರೂ ಹುಡುಕದೇ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ.

ಇನ್ನೊಂದು ಕಡೆಯ ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ. ಮಕ್ಕಳು ತಮ್ಮ ಉಸಿರಾಟಕ್ಕೆ ಒಗ್ಗಿಹೋಗುತ್ತಾರೆ. ಹುಟ್ಟಿದಾಗಿನಿಂದ ಅಷ್ಟೇ ಗಾಳಿ ಸಿಕ್ಕಿದ್ದರೆ ಅದೇ ಸರಿ ಅಂದುಕೊಳ್ಳುತ್ತಾರೆ. ಓಡುವ ಆಟ ಬಿಟ್ಟು ಕೂತು ಆಡುವ ಆಟ ಹಿಡಿಯುತ್ತಾರೆ. ಕೇಳಿದರೆ ‘ಚೆನ್ನಾಗಿದ್ದೀನಿ’ ಅನ್ನುತ್ತಾರೆ. ಮನೆಯವರೂ ‘ಈಗೇನೂ ತೊಂದರೆ ಇಲ್ಲ’ ಅನ್ನುತ್ತಾರೆ. ಊದಿಸಿ ನೋಡಿದರೆ ಅಂಕಿ ಬೇರೆಯೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಆಸ್ತಮಾದಿಂದ ಆದ ಸಾವುಗಳ ರಾಷ್ಟ್ರೀಯ ಪರಿಶೀಲನೆಯ ವರದಿ 2014ರಲ್ಲಿ ಬಂತು. ಅದರಲ್ಲಿ ನೋಡಿದ 195 ಸಾವುಗಳಲ್ಲಿ ಮಕ್ಕಳೂ ಇದ್ದರು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೌಮ್ಯ ಅಥವಾ ಮಧ್ಯಮ ಆಸ್ತಮಾ ಎಂದು ಚಿಕಿತ್ಸೆ ಪಡೆಯುತ್ತಿದ್ದವರು. ಸೌಮ್ಯ ಅಂತ ನಾವು ಯಾವ ಆಧಾರದ ಮೇಲೆ ಹೇಳುತ್ತಿದ್ದೇವೆ ಎಂಬ ಪ್ರಶ್ನೆ ಬರುತ್ತದೆ, ಅಲ್ವಾ?

ಮಾರ್ಗಸೂಚಿಗಳಲ್ಲಿ ಈ ವಿಷಯಕ್ಕೆ ಗೊಂದಲವಿಲ್ಲ. ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ 2021ರಲ್ಲಿ 5ರಿಂದ 16 ವರ್ಷದ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿ, ಬರೀ ಲಕ್ಷಣ ನೋಡಿ ಆಸ್ತಮಾ ಎಂದು ನಿರ್ಧರಿಸಬೇಡಿ ಅನ್ನುತ್ತದೆ. ಇನ್‌ಹೇಲರ್ ಕೊಟ್ಟಾಗ ಕೆಮ್ಮು ಕಡಿಮೆಯಾಯಿತು ಎಂಬುದೊಂದೇ ಸಾಕ್ಷಿ ಸಾಲದು ಎಂದೂ ಹೇಳುತ್ತದೆ. ಮಕ್ಕಳ ಕೆಮ್ಮು ಎಷ್ಟೋ ಸಲ ತಾನಾಗಿಯೇ ಕಡಿಮೆಯಾಗುತ್ತದೆ, ಹೆಸರು ಮಾತ್ರ ಔಷಧಕ್ಕೆ ಬರುತ್ತದೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಅಲ್ಲಿನ ಎರಡು ಸಂಸ್ಥೆಗಳ ಜೊತೆ ಸೇರಿ 2024ರಲ್ಲಿ ತಂದ ಮಾರ್ಗಸೂಚಿಯೂ ಅಳತೆಯನ್ನೇ ಕೇಳುತ್ತದೆ. ಈ ವಯಸ್ಸಿನ ಮಕ್ಕಳಿಗೆ ಮೊದಲು ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳೆಯುವ ಫೆನೋ, ಅದರಿಂದ ತೀರ್ಮಾನ ಆಗದಿದ್ದರೆ ಸ್ಪೈರೋಮೆಟ್ರಿ. ಬರೆದಿಟ್ಟಿರುವುದು ಹೀಗೆ. ಕ್ಲಿನಿಕ್ಕಿನಲ್ಲಿ ನಡೆಯುವುದು ಬೇರೆ. ಕೋವಿಡ್ ಬಂದಾಗ ಸೋಂಕು ಹರಡುವ ಭಯಕ್ಕೆ ಊದುವ ಪರೀಕ್ಷೆಗಳನ್ನು ಎಲ್ಲೆಡೆ ನಿಲ್ಲಿಸಿದರು. ಆಗ ಮೂಲೆಗೆ ಸೇರಿದ ಯಂತ್ರಗಳು ಎಷ್ಟೋ ಕಡೆ ಮತ್ತೆ ಮೇಜಿನ ಮೇಲೆ ಬರಲೇ ಇಲ್ಲ.

ಹಾಗಾದರೆ ಪ್ರತಿ ಕ್ಲಿನಿಕ್ಕಿಗೂ ಒಂದು ಯಂತ್ರ ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ಯಂತ್ರ ಈ ಕೆಲಸದ ಸುಲಭದ ಭಾಗ. ಮಗುವಿನಿಂದ ಊದಿಸುವುದು ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಸಮಯದ ಲೆಕ್ಕ ಹಾಕುವವರು ಇದನ್ನು ನೋಡಿರುವುದಿಲ್ಲ.

ಏಳು ವರ್ಷದ ಮಗು ಅಂದುಕೊಳ್ಳಿ. ಮೊದಲು ಚಪ್ಪಲಿ ಬಿಚ್ಚಿಸಿ, ಗೋಡೆಗೆ ಬೆನ್ನು ಆನಿಸಿ ಎತ್ತರ ಅಳೆಯಬೇಕು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಬೇಕು, ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೆ ಸ್ಟೂಲ್ ಇಡಬೇಕು. ಮೂಗಿಗೆ ಕ್ಲಿಪ್ ಹಾಕಿದ ತಕ್ಷಣ ಅರ್ಧ ಮಕ್ಕಳು ನಗುತ್ತಾರೆ, ಇನ್ನರ್ಧ ಅಳಲು ಶುರು ಮಾಡುತ್ತಾರೆ. ಮೊದಲ ಸಲ ಊದುವಾಗ ತುಟಿಯ ಪಕ್ಕದಿಂದ ಗಾಳಿ ಸೋರುತ್ತದೆ. ಎರಡನೇ ಸಲ ಎದೆ ತುಂಬ ಗಾಳಿ ತುಂಬಿಕೊಳ್ಳದೆಯೇ ಊದಿಬಿಡುತ್ತದೆ. ಮೂರನೇ ಸಲ ಶುರು ಚೆನ್ನಾಗಿರುತ್ತದೆ, ಆದರೆ ಅರ್ಧಕ್ಕೇ ನಿಲ್ಲಿಸಿ ‘ಸಾಕಾ?’ ಅಂತ ನನ್ನ ಮುಖ ನೋಡುತ್ತದೆ. ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಪರದೆಯ ಮೇಲೆ ಮೇಣದಬತ್ತಿ ಆರಿಸುವ ಆಟ ಇದ್ದರೆ ಮಗು ಜೋರಾಗಿ ಊದಲು ಕಲಿಯುತ್ತದೆ. ಆದರೆ ಬತ್ತಿ ಆರಿದ ಕೂಡಲೇ ನಿಲ್ಲಿಸಿಬಿಡುತ್ತದೆ. ಕೊನೆಯವರೆಗೂ ಊದಿಸಲು ಪಕ್ಕದಲ್ಲಿ ಒಬ್ಬರು ಕೂತು ‘ಇನ್ನೂ, ಇನ್ನೂ, ಇನ್ನೂ ಸ್ವಲ್ಪ’ ಅಂತ ಹುರಿದುಂಬಿಸುತ್ತಲೇ ಇರಬೇಕು. ಒಮ್ಮೆ ಗದರಿದರೆ ಆ ದಿನದ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಹೀಗೆ ಕನಿಷ್ಠ ಮೂರು ಸಲ ಸರಿಯಾಗಿ ಊದಬೇಕು. ಅವುಗಳಲ್ಲಿ ಅತಿ ಚೆನ್ನಾಗಿ ಬಂದ ಎರಡು ಒಂದಕ್ಕೊಂದು ಹತ್ತಿರ ಇರಬೇಕು. 2019ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆರು ವರ್ಷ ದಾಟಿದ ಮಕ್ಕಳಲ್ಲಿ ಅವೆರಡರ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು. ಇಷ್ಟಾದ ಮೇಲೆ ಇನ್‌ಹೇಲರಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆಯ ಮೂಲಕ, ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಔಷಧ ಕೊಟ್ಟು, 15 ನಿಮಿಷ ಕಾಯಿಸಿ, ಮತ್ತೆ ಅಷ್ಟನ್ನೂ ಮಾಡಿಸಬೇಕು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಅಂದರೆ ಎಫ್‌ಇವಿ1, ಮೊದಲಿಗಿಂತ ಶೇ 12 ಅಥವಾ ಅದಕ್ಕಿಂತ ಜಾಸ್ತಿ ಏರಿದರೆ ಆಸ್ತಮಾಕ್ಕೆ ಅದು ಬಲವಾದ ಪುರಾವೆ. ಎಲ್ಲ ಸೇರಿ ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಇದನ್ನು ತುರುಕಲು ಹೋದರೆ ಸಿಗುವುದು ಕಾಟಾಚಾರದ ಒಂದು ಗೆರೆ. ಆ ಗೆರೆ ನಂಬಿ ಮಗುವಿನ ಔಷಧ ಏರಿಸುವುದು, ಇಳಿಸುವುದು ಏನೂ ಅಳೆಯದೇ ಇರುವುದಕ್ಕಿಂತ ಕೆಟ್ಟದ್ದು ಎಂದೇ ನನ್ನ ಅಭಿಪ್ರಾಯ. ಅಳೆಯದಿದ್ದರೆ ಕನಿಷ್ಠ ಅನುಮಾನವಾದರೂ ಉಳಿದಿರುತ್ತದೆ.

‘ಮಕ್ಕಳ ಕೈಲಿ ಇದೆಲ್ಲ ಆಗುವುದಿಲ್ಲ’ ಎಂಬ ಮಾತನ್ನು ಬಹಳ ಕಡೆ ಕೇಳಿದ್ದೇನೆ. ಆಗುತ್ತದೆ. ಐದಾರು ವರ್ಷ ದಾಟಿದ ಹೆಚ್ಚಿನ ಮಕ್ಕಳು, ಹೇಳಿಕೊಡುವವರು ಸರಿಯಿದ್ದರೆ, ಚೆನ್ನಾಗಿಯೇ ಊದುತ್ತಾರೆ. ಆಗದವರಿಗೆ ಇನ್ನೊಂದು ದಿನ ಕೊಟ್ಟರಾಯಿತು. ಎರಡನೇ ಸಲ ಬಂದಾಗ ಕೋಣೆ ಪರಿಚಯದ್ದಾಗಿರುತ್ತದೆ, ಕ್ಲಿಪ್ಪಿನ ಭಯ ಹೋಗಿರುತ್ತದೆ.

ಇನ್ನು ಬಂದ ಅಂಕಿಯನ್ನು ಓದುವ ವಿಷಯ. ಇಲ್ಲಿ ಆಗುವ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕ್ಲಿನಿಕ್ಕುಗಳಲ್ಲಿ ಸ್ಪೈರೋಮೆಟ್ರಿ ಬಳಸುವವರು ಹೆಚ್ಚಾಗಿ ಅದನ್ನು ಕಲಿತಿರುವುದು ಬೀಡಿ, ಸಿಗರೇಟು ಸೇದಿ ಶ್ವಾಸಕೋಶ ಹಾಳಾದ ದೊಡ್ಡವರ ಮೇಲೆ. ಅಲ್ಲಿ ಒಂದು ಸೂತ್ರವಿದೆ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇ 70ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಇದೆ, ಇಲ್ಲದಿದ್ದರೆ ಇಲ್ಲ. ಮಕ್ಕಳಿಗೆ ಈ ಸೂತ್ರ ಹೊಂದುವುದೇ ಇಲ್ಲ. ಆರೋಗ್ಯವಾಗಿರುವ ಮಗು ಮೊದಲ ಸೆಕೆಂಡಿನಲ್ಲೇ ಶೇ 90ರ ಆಸುಪಾಸು ಗಾಳಿ ಹೊರಹಾಕುತ್ತದೆ. ಯುರೋಪಿನ ಮಾರ್ಗಸೂಚಿ ಮಕ್ಕಳಿಗೆ ಶೇ 80ಕ್ಕಿಂತ ಕಡಿಮೆ ಇದ್ದರೆ ಅಸಹಜ ಎಂದು ತೆಗೆದುಕೊಳ್ಳುತ್ತದೆ.

ಒಂದು ಲೆಕ್ಕ ನೋಡಿ. ಒಂಬತ್ತು ವರ್ಷದ ಮಗು ಒಟ್ಟು 2 ಲೀಟರ್ ಗಾಳಿ ಊದಿದೆ, ಅದರಲ್ಲಿ ಮೊದಲ ಸೆಕೆಂಡಿನಲ್ಲಿ 1.5 ಲೀಟರ್. ಆ ಎತ್ತರದ ಮಗುವಿಗೆ ಒಟ್ಟು ಗಾಳಿ ಸರಿಯಾಗಿದೆ. ಎಫ್‌ಇವಿ1 ಕೂಡ ನಿರೀಕ್ಷಿತ ಮಟ್ಟದ ಶೇ 80ರ ಮೇಲೆಯೇ ಬರಬಹುದು. ಪಾಲು ಶೇ 75, ದೊಡ್ಡವರ ಸೂತ್ರದಲ್ಲಿ ಪಾಸು. ಯಂತ್ರ ‘ನಾರ್ಮಲ್’ ಎಂದು ಅಚ್ಚು ಹಾಕುತ್ತದೆ. ಆದರೆ ಈ ಮಗುವಿನ ಶ್ವಾಸನಾಳಗಳು ಕಿರಿದಾಗಿವೆ. ಊದಿದ ಗಾಳಿಯ ವೇಗ ತೋರಿಸುವ ಗ್ರಾಫ್ ನೋಡಿದವರಿಗೆ ಅದು ಗೊತ್ತಾಗುತ್ತದೆ, ಇಳಿಯುವ ಗೆರೆ ನೇರವಾಗಿರದೆ ಒಳಕ್ಕೆ ಬಾಗಿರುತ್ತದೆ. ಬರೀ ಕೊನೆಯ ಸಾಲು ಓದಿದವರಿಗೆ ಗೊತ್ತಾಗುವುದಿಲ್ಲ. ಆಸ್ತಮಾ ಜೋರಾಗಿರುವ ಮಕ್ಕಳಲ್ಲೂ ಎಫ್‌ಇವಿ1 ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಆ ಒಂದೇ ಅಂಕಿ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ನಿರೀಕ್ಷಿತ ಮಟ್ಟ ಎಂಬುದೂ ತಾನಾಗಿ ಸರಿಯಾಗಿ ಬರುವುದಿಲ್ಲ. ಅದು ಮಗುವಿನ ವಯಸ್ಸು, ಎತ್ತರ ಮತ್ತು ಗಂಡೋ ಹೆಣ್ಣೋ ಎಂಬುದರ ಮೇಲೆ ನಿಂತಿದೆ. 130 ಸೆಂಟಿಮೀಟರ್ ಎತ್ತರದ ಮಗುವಿಗೆ ಐದು ಸೆಂಟಿಮೀಟರ್ ತಪ್ಪು ಬರೆದರೆ ನಿರೀಕ್ಷಿತ ಅಂಕಿ ಹತ್ತಿರ ಹತ್ತಿರ ಶೇ 10ರಷ್ಟು ಆಚೀಚೆ ಆಗುತ್ತದೆ. ‘ಹೋದ ಸಲ ಎಷ್ಟಿತ್ತೋ ಅಷ್ಟೇ ಹಾಕಿ’ ಅಂತ ಹೇಳಿದರೆ ಬೆಳೆಯುವ ಮಗುವಿನ ಲೆಕ್ಕ ಅಲ್ಲೇ ಕೆಟ್ಟಿತು. ಈ ನಿರೀಕ್ಷಿತ ಅಂಕಿ ಲೆಕ್ಕ ಹಾಕಲು ಯಂತ್ರದೊಳಗೆ ಯಾವ ಸಮೀಕರಣ ಕೂತಿದೆ ಎಂಬುದನ್ನೂ ನೋಡಬೇಕು. ಗ್ಲೋಬಲ್ ಲಂಗ್ ಫಂಕ್ಷನ್ ಇನಿಶಿಯೇಟಿವ್ ಎಂಬ ಅಂತರರಾಷ್ಟ್ರೀಯ ತಂಡ 2012ರಲ್ಲಿ ಕೊಟ್ಟ ಸಮೀಕರಣಗಳು ಮೂರು ವರ್ಷದ ಮಗುವಿನಿಂದ ಹಿಡಿದು 95ರ ವಯಸ್ಸಿನವರೆಗೆ ಒಂದೇ ಎಳೆಯಲ್ಲಿ ಸಾಗುತ್ತವೆ. ಹಳೆಯ ಯಂತ್ರಗಳಲ್ಲಿ ದೊಡ್ಡವರಿಗಾಗಿ ಮಾಡಿದ ಸಮೀಕರಣ ಹಾಗೇ ಉಳಿದಿರಬಹುದು. ಸೆಟ್ಟಿಂಗ್ ಬದಲಿಸಲು ಎರಡು ನಿಮಿಷ ಸಾಕು. ಬದಲಿಸಬೇಕು ಎಂದು ಗೊತ್ತಿರುವವರು ಬೇಕು, ಅಷ್ಟೆ.

ಪರೀಕ್ಷೆ ಯಾವಾಗ ಮಾಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಆಸ್ತಮಾ ದಿನಕ್ಕೊಂದು ಥರ ಇರುವ ಕಾಯಿಲೆ. ಈ ಕಾರಣಕ್ಕೇ ಪರೀಕ್ಷೆ ಸರಿ ಬಂದರೆ ಆಸ್ತಮಾ ಇಲ್ಲ ಎಂದು ಹೇಳಲಾಗುವುದಿಲ್ಲ. ದೂರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, ತಿಂಗಳುಗಟ್ಟಲೆ ಕಾದು, ಅಷ್ಟರಲ್ಲಿ ಸ್ಟೆರಾಯ್ಡ್ ಇನ್‌ಹೇಲರಿನಿಂದ ಮಗು ಚೇತರಿಸಿಕೊಂಡು, ಆಮೇಲೆ ಊದಿಸಿದರೆ ಏನು ಸಿಗುತ್ತದೆ? ಎಲ್ಲ ಸರಿಯಾಗಿದೆ ಎಂಬ ವರದಿ. ಆಸ್ತಮಾ ಇತ್ತೋ ಇಲ್ಲವೋ ಎಂಬುದು ಮತ್ತೆ ಹಾಗೇ ಉಳಿಯುತ್ತದೆ. ತೊಂದರೆ ಇರುವಾಗಲೇ, ದಿನನಿತ್ಯದ ಔಷಧ ಶುರುವಾಗುವ ಮೊದಲೇ ಅಳೆಯಬೇಕು. ಅದು ಸಾಧ್ಯವಾಗುವುದು ಮನೆಗೆ ಹತ್ತಿರದಲ್ಲಿ, ಕೆಲವೇ ದಿನಗಳಲ್ಲಿ ಪರೀಕ್ಷೆ ಸಿಕ್ಕರೆ ಮಾತ್ರ. ಒಂದು ಮಾತು ಸ್ಪಷ್ಟವಾಗಿರಲಿ, ಮಗು ಉಸಿರಿಗೆ ಒದ್ದಾಡುತ್ತಿದ್ದರೆ ಮೊದಲು ಚಿಕಿತ್ಸೆ. ಅಳತೆಗಾಗಿ ಯಾವ ಮಗುವನ್ನೂ ಕಾಯಿಸುವಂತಿಲ್ಲ.

ಗಾಳಿ ಹೊರಬರುವ ಅತಿ ಹೆಚ್ಚಿನ ವೇಗವನ್ನಷ್ಟೇ ಅಳೆಯುವ, ಮನೆಯಲ್ಲೇ ಬಳಸಬಹುದಾದ ಪೀಕ್ ಫ್ಲೋ ಮೀಟರ್ ಇದೆಯಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. ಸ್ಪೈರೋಮೆಟ್ರಿ ಬೇಗ ಸಿಗದ ಕಡೆ ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ಎರಡು ವಾರ, ದಿನಕ್ಕೆರಡು ಬಾರಿ ಊದಿ ಬರೆದಿಟ್ಟರೆ ಏರಿಳಿತ ತಿಳಿಯುತ್ತದೆ. ಆದರೆ ಮಗು ಎಷ್ಟು ಜೋರಾಗಿ ಊದಿತು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ, ಸರಿಯಾಗಿ ಊದಿತೋ ಇಲ್ಲವೋ ಎಂದು ನೋಡಲು ಗ್ರಾಫ್ ಇರುವುದಿಲ್ಲ. ಡೈರಿಗಳೂ ಹಾಗೆಯೇ. ಹದಿನಾಲ್ಕು ದಿನದ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಬರೆದಿದ್ದರೆ ಅದು ಹಿಂದಿನ ರಾತ್ರಿ ತುಂಬಿದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮನೆಯವರನ್ನು ಬೈದು ಪ್ರಯೋಜನವಿಲ್ಲ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ದಿನಾ ಎರಡು ಹೊತ್ತೂ, ಪ್ರತಿ ಹೊತ್ತಿಗೆ ಮೂರು ಮೂರು ಸಲ ಊದಿಸುವುದು ಸುಲಭವಲ್ಲ. ಐದು ವರ್ಷದೊಳಗಿನ ಮಕ್ಕಳ ಕಥೆ ಬೇರೆ. ಸುಮ್ನೆ ಉಸಿರಾಡುತ್ತಾ ಕೂತರೆ ಅಳೆಯಬಲ್ಲ ಆಸಿಲೋಮೆಟ್ರಿ ಅಂಥವರಿಗೆ ನೆರವಾಗಬಹುದು. ಸದ್ಯಕ್ಕೆ ಅವರನ್ನು ಆಗಾಗ ನೋಡುತ್ತಾ, ಊದುವ ವಯಸ್ಸಿಗೆ ಬಂದ ತಕ್ಷಣ ಅಳೆಯುವುದೇ ದಾರಿ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಕೇಳುತ್ತಿರುವುದು ಏನು? ಪ್ರತಿ ಕ್ಲಿನಿಕ್ಕಿಗೂ ಒಂದೊಂದು ಯಂತ್ರ ಅಲ್ಲ. ವರ್ಷಕ್ಕೆ ನಾಲ್ಕೈದು ಮಕ್ಕಳಿಗೆ ಊದಿಸುವವರ ಕೈ ಯಾವತ್ತೂ ಪಳಗುವುದಿಲ್ಲ. ಅಕ್ಕಪಕ್ಕದ ಕೆಲವು ಕ್ಲಿನಿಕ್ಕುಗಳಿಗೆ ಸೇರಿ ಒಬ್ಬ ತರಬೇತಾದ ನರ್ಸ್ ಅಥವಾ ಟೆಕ್ನಿಷಿಯನ್ ಇರಲಿ. ವಾರದಲ್ಲಿ ಗೊತ್ತಾದ ದಿನ ಗೊತ್ತಾದ ಕ್ಲಿನಿಕ್ಕಿಗೆ ಅವರೇ ಯಂತ್ರದೊಂದಿಗೆ ಬರಲಿ. ಪ್ರತಿ ಮಗುವಿಗೂ ಮುಕ್ಕಾಲು ಗಂಟೆ ಎಂದು ವೇಳಾಪಟ್ಟಿಯಲ್ಲೇ ಬರೆದಿರಲಿ. ಅವರ ತರಬೇತಿ ಮಕ್ಕಳ ಜೊತೆಯೇ ನಡೆಯಲಿ, ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವ ತರಬೇತಿ ಬೇಡ. ಕೆಲಸ ಶುರುವಾಗುವ ಮೊದಲು ಮೂರು ಲೀಟರಿನ ಸಿರಿಂಜಿನಿಂದ ಯಂತ್ರ ಸರಿಯಿದೆಯೇ ಎಂದು ನೋಡುವುದು, ಪ್ರತಿ ಮಗುವಿಗೂ ಹೊಸ ಫಿಲ್ಟರ್ ಹಾಕುವುದು ರೂಢಿಯಾಗಲಿ. ಮಾಡಿದ ಪರೀಕ್ಷೆಗಳಲ್ಲಿ ಕೆಲವನ್ನಾದರೂ ಅನುಭವಿಗಳೊಬ್ಬರು ದೂರದಿಂದ ಗ್ರಾಫ್ ಸಮೇತ ನೋಡಿ, ಇದು ಸರಿ, ಇದು ಮತ್ತೆ ಮಾಡಿಸಿ ಎಂದು ತಿಳಿಸಲಿ. ನಾನು ಕಂಡಂತೆ ಗುಣಮಟ್ಟ ಏರುವುದು ಈ ಹೇಳಿಕೇಳುವಿಕೆಯಿಂದಲೇ. ಫೆನೋ ಯಂತ್ರವೂ ಅದರ ಜೊತೆಗೇ ಓಡಾಡಿದರೆ ತೀರ್ಮಾನ ಇನ್ನಷ್ಟು ಸಲೀಸಾಗುತ್ತದೆ.

ಪರೀಕ್ಷೆಗೆ ಬರುವ ಮೊದಲು ಏನು ಮಾಡಬೇಕೆಂದು ಮನೆಯವರಿಗೆ ಮೊದಲೇ ತಿಳಿಸುವ ವ್ಯವಸ್ಥೆಯೂ ಬೇಕು. ತಕ್ಷಣ ಆರಾಮ ಕೊಡುವ ಸಾಲ್ಬುಟಮಾಲ್ ಇನ್‌ಹೇಲರನ್ನು ಪರೀಕ್ಷೆಗೆ ಮುಂಚೆ ಕನಿಷ್ಠ ನಾಲ್ಕು ಗಂಟೆ ಬಳಸದಿದ್ದರೆ ಒಳ್ಳೆಯದು, ಆದರೆ ಮಗುವಿಗೆ ಉಸಿರು ಕಟ್ಟಿದರೆ ಹಿಂದೆಮುಂದೆ ನೋಡದೆ ಕೊಡಬೇಕು. ಇಷ್ಟು ಸಣ್ಣ ಮಾಹಿತಿ ಸಿಗದೆ ಎಷ್ಟೋ ಮಕ್ಕಳು ಬಾಗಿಲಲ್ಲೇ ಎರಡು ಪಫ್ ತೆಗೆದುಕೊಂಡು ಒಳಗೆ ಬರುತ್ತಾರೆ, ಶ್ವಾಸನಾಳ ಆಗಲೇ ಅಗಲವಾಗಿರುವುದರಿಂದ ಬಂದ ದಾರಿಗೆ ಸುಂಕವಿಲ್ಲ ಅನ್ನುವ ಹಾಗೆ ವಾಪಸ್ ಹೋಗುತ್ತಾರೆ.

ಒಮ್ಮೆ ಅಳೆದರೆ ಮುಗಿಯಿತು ಎಂದೂ ಅಂದುಕೊಳ್ಳಬೇಡಿ. ಉತ್ತರ ಅಮೆರಿಕದಲ್ಲಿ ಆಸ್ತಮಾ ಇದ್ದ ಮಕ್ಕಳನ್ನು ಚಿಕ್ಕಂದಿನಿಂದ ಯೌವನದವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 684 ಮಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರ ಶ್ವಾಸಕೋಶ ಸರಿಯಾಗಿ ಬೆಳೆದಿರಲಿಲ್ಲ, ಇಲ್ಲವೇ ಬೇಗನೆ ಕುಗ್ಗಲು ಶುರುವಾಗಿತ್ತು. ಒಂದೇ ದಿನದ ಅಂಕಿಯಲ್ಲಿ ಇದು ಕಾಣುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಊದಿಸಿ, ಹಿಂದಿನ ಗ್ರಾಫಿನ ಪಕ್ಕ ಇಟ್ಟು ನೋಡಿದರೆ ಕಾಣುತ್ತದೆ. ಆದ್ದರಿಂದ ವರದಿಯ ಕೊನೆಯ ಸಾಲನ್ನಷ್ಟೇ ಉಳಿಸಬೇಡಿ, ಗ್ರಾಫನ್ನೂ ಮಗುವಿನ ಕಡತದಲ್ಲೇ ಇಡಿ. ಮನೆ ಬದಲಿಸಿ ಬೇರೆ ಕ್ಲಿನಿಕ್ಕಿಗೆ ಹೋದರೆ ಅದೂ ಜೊತೆಗೆ ಹೋಗಲಿ. ತಂದೆತಾಯಿಯ ಕೈಗೂ ಒಂದು ಪ್ರತಿ ಕೊಡಿ.

ತಂದೆತಾಯಂದಿರೂ ಇದನ್ನು ಓದುತ್ತಿರಬಹುದು. ನಿಮ್ಮ ಮಗುವಿಗೆ ಆಸ್ತಮಾ ಎಂದು ಹೇಳಿದ್ದರೆ, ‘ಊದಿಸಿ ನೋಡಿದ್ದೀರಾ?’ ಎಂದು ಕೇಳಿ. ಕೇಳುವುದು ವೈದ್ಯರ ಮೇಲಿನ ಅಪನಂಬಿಕೆ ಅಲ್ಲ. ಪರೀಕ್ಷೆ ಬೇಕು ಎನ್ನುವ ದನಿ ಹೊರಗಿನಿಂದ ಬಂದರೆ ಅವರಿಗೂ ಮೇಲಿನವರನ್ನು ಕೇಳಲು ಬಲ ಬರುತ್ತದೆ. ಆದರೆ ಪರೀಕ್ಷೆ ಆಗಿಲ್ಲ ಅಂತ ಈಗ ನಡೆಯುತ್ತಿರುವ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ.

ಸೇವೆಯ ಹೊಣೆ ಹೊತ್ತವರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಹೊಸ ಯಂತ್ರದ ಟಿಪ್ಪಣಿಗೆ ಸಹಿ ಹಾಕುವ ಮೊದಲು, ಅದನ್ನು ಹಿಡಿದು ಮಗುವಿನ ಪಕ್ಕ ಕೂರುವವರು ಯಾರು ಎಂಬ ಹೆಸರು ಆ ಟಿಪ್ಪಣಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅವರನ್ನು ನೇಮಿಸಿ. ಮಕ್ಕಳಿಗೆ ಊದಿಸುವ ಕೋಣೆಗಳು ಈಗಲೂ ಅಲ್ಲಲ್ಲಿ ನಡೆಯುತ್ತಿವೆ. ಅವರನ್ನು ಕೆಲವು ವಾರ ಅಲ್ಲಿ ಕೂತು ಕಲಿಯಲು ಕಳಿಸಿ. ನಮ್ಮ ಕೋಣೆಯಲ್ಲೂ ಜಾಗವಿದೆ.

ಇಂತಿ,
ಮಕ್ಕಳ ಶ್ವಾಸಕೋಶ ಪರೀಕ್ಷೆಯ ಒಬ್ಬ ಟೆಕ್ನಿಷಿಯನ್